ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇಕೆ?

ಮೊಬೈಲ್ ಫೋನಿನ ಬೆನ್ನು ಬಿಚ್ಚಲು ಅಡುಗೆಮನೆಯ ಚಾಕುವೇ ಸಾಕೆಂಬ ಮಾತನ್ನು ಈಚೆಗೆ ಬಂಧುಗಳಿಂದಲೂ ಹಳೆಯ ವಿದ್ಯಾರ್ಥಿಗಳಿಂದಲೂ ಪದೇ ಪದೇ ಕೇಳುತ್ತಿದ್ದೇನೆ. ಸಲಕರಣೆಗೆ ದುಡ್ಡು ಸುರಿಯುವುದು ದುಂದು, ಕೈಚಳಕವಿದ್ದವನಿಗೆ ಯಾವುದಾದರೂ ಆದೀತು ಎಂಬುದು ಅವರ ವಾದ. ನಾನಿದನ್ನು ಒಪ್ಪಲಾರೆ. ಇದು ಮಿತವ್ಯಯವೂ ಅಲ್ಲ, ಧೈರ್ಯವೂ ಅಲ್ಲ; ಪ್ರೌಢಶಾಲೆಯ ವಿಜ್ಞಾನವನ್ನು ಮರೆತ ಉದ್ಧಟತನ.

ಸನ್ನೆಯ ಪಾಠವನ್ನು ನೆನೆಯಿರಿ. 15 ಸೆಂಟಿಮೀಟರ್ ಉದ್ದದ ಸ್ಕ್ರೂಡ್ರೈವರಿನ ತುದಿ ಸಂದಿಯೊಳಗೆ 3 ಮಿಲಿಮೀಟರ್ ಹೊಕ್ಕಿತೆನ್ನಿ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಕೈಯ ಬಲ ತುದಿಯಲ್ಲಿ ಸುಮಾರು 50 ಪಟ್ಟಾಗುತ್ತದೆ. ಅದನ್ನು ಹೊರಬೇಕಾದುದು ತೆಳುವಾದ ಗಾಜಿನ ಅಂಚು. ಗಾಜು ಬಾಗುವುದಿಲ್ಲ, ಒಡೆಯುತ್ತದೆ. ಆದ್ದರಿಂದ ಮೀಟುವ ಸಲಕರಣೆಯು ಮೀಟಬೇಕಾದ ವಸ್ತುವಿಗಿಂತ ಮೆತ್ತಗಿರಬೇಕು. ಸೋಲುವುದಿದ್ದರೆ ಸಲಕರಣೆ ಸೋಲಲಿ, ಸಾಮಾನು ಉಳಿಯಲಿ.

ಗಾಜು ಒಡೆದರೆ ಹಣ ಹೋದೀತು. ಬ್ಯಾಟರಿ ಚುಚ್ಚಿದರೆ ಮನೆಗೇ ಅಪಾಯ. ಲಿಥಿಯಂ-ಅಯಾನ್ ಬ್ಯಾಟರಿಯೊಳಗೆ ಧನ ಮತ್ತು ಋಣ ಪದರಗಳನ್ನು ಅಗಲಿಸಿರುವುದು ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಪೊರೆ. ಉಕ್ಕಿನ ತುದಿ ಅದನ್ನು ಹರಿದರೆ ಪದರಗಳು ಕೂಡಿಕೊಂಡು, ಶಾಖ ಏರಿ, ಕ್ಷಣಾರ್ಧದಲ್ಲಿ ಬೆಂಕಿ ಹೊತ್ತಬಹುದು.

ಇದಕ್ಕೆ ಬೇಕಾದ ಸಲಕರಣೆಗಳೇನೂ ದುಬಾರಿಯಲ್ಲ. ಗಿಟಾರ್ ನುಡಿಸುವ ತ್ರಿಕೋನಾಕಾರದ ಪ್ಲಾಸ್ಟಿಕ್ ಬಿಲ್ಲೆಗಳು ಎರಡು ಮೂರು, ಸ್ಪಡ್ಜರ್ ಎಂದು ಕರೆಯುವ ನೈಲಾನ್ ಕಡ್ಡಿ ಒಂದು. ಮೊದಲು ಚಾರ್ಜನ್ನು ಶೇ. 25ಕ್ಕಿಂತ ಕೆಳಗಿಳಿಸಿ ಫೋನನ್ನು ಆರಿಸಿರಿ. ಕಣ್ಣಿಗೆ ಕನ್ನಡಕವಿರಲಿ. ಕೂದಲೊಣಗಿಸುವ ಯಂತ್ರದಿಂದ ಅಂಚಿನ ಅಂಟನ್ನು ಹದವಾಗಿ ಬಿಸಿಮಾಡಿರಿ. ಬಿಲ್ಲೆಯನ್ನು ಆಳಕ್ಕೆ ತಳ್ಳದೆ ಅಂಚಿನುದ್ದಕ್ಕೂ ಜಾರಿಸಿರಿ. ಒಂದೇ ಕಡೆ ಮೀಟಬೇಡಿರಿ. ಒಳಗೆ ಮೊದಲು ಬಿಡಿಸಬೇಕಾದುದು ಬ್ಯಾಟರಿಯ ಕನೆಕ್ಟರ್. ಬ್ಯಾಟರಿ ಉಬ್ಬಿದ್ದರೆ ಪ್ಲಾಸ್ಟಿಕ್ಕಿನಿಂದಲೂ ಮುಟ್ಟದಿರಿ, ಮತ್ತೆ ಚಾರ್ಜಿಗೂ ಹಾಕದಿರಿ. ಅದು ಬಲ್ಲವರ ಕೆಲಸ.

"ಅಂಗಡಿಯ ಹುಡುಗರು ಉಕ್ಕಿನ ಅಲಗನ್ನೇ ಹಾಕುತ್ತಾರಲ್ಲ ಸಾರ್?" ಎನ್ನುವವರಿದ್ದಾರೆ. ನಿಜ. ಆದರೆ ಯಾವ ಮಾದರಿಯಲ್ಲಿ ಯಾವ ಮೂಲೆಯಲ್ಲಿ ತಂತಿಯ ಪಟ್ಟಿ ಹಾದಿದೆಯೆಂಬುದು ಆ ಹುಡುಗರಿಗೆ ಅಂಗೈ ನೆಲ್ಲಿಕಾಯಿ. ಅವರ ಅಲಗನ್ನು ಎರವಲು ತರಬಹುದು, ಅನುಭವವನ್ನು ತರಲಾಗದು.

ಹಾಗೆಂದು ಬಿಚ್ಚಲೇಬೇಡಿರೆಂದು ನಾನು ಹೇಳುತ್ತಿಲ್ಲ. ಉಗುರಿನಿಂದ ತೆಗೆಯಬಹುದಾಗಿದ್ದ ಮುಚ್ಚಳವನ್ನು ಅಂಟಿನಿಂದ ಬಿಗಿದವರು ತಯಾರಕರು. ತೆಳುವಾಗಿಸಲು, ನೀರು ಹೋಗದಿರಲು ಎಂಬ ಅವರ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಅದರ ಬೆಲೆ ತೆರುವವರು ನಾವು. 2023ರಲ್ಲಿ ಐರೋಪ್ಯ ಒಕ್ಕೂಟವು ತಂದ ಬ್ಯಾಟರಿ ನಿಯಮವು, ಕೆಲವು ವಿನಾಯಿತಿಗಳೊಡನೆ, ಬಳಕೆದಾರನೇ ಬ್ಯಾಟರಿಯನ್ನು ಬದಲಿಸುವಂತಿರಬೇಕೆಂದು ವಿಧಿಸಿ 2027ರ ಫೆಬ್ರವರಿ 18ರ ಗಡುವಿಟ್ಟಿತು. ನಮ್ಮ ಕೇಂದ್ರ ಸರಕಾರವು 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಜಾಲತಾಣವನ್ನು ತೆರೆಯಿತು. ಮಾಹಿತಿ ಒದಗಿಸುವುದು ಒಳ್ಳೆಯದೇ. ತಯಾರಕರ ಕೈಕಟ್ಟಲು ಅದಷ್ಟೇ ಸಾಲದು.

ರಿಪೇರಿ ನಮ್ಮ ಹಕ್ಕೆಂದು ವಾದಿಸುವವನು ಕೊಡಲಿ ಹಿಡಿದು ನಿಂತರೆ, ಬಿಗಿದು ಅಂಟಿಸಿದವನ ವಾದವೇ ಗೆಲ್ಲುತ್ತದೆ. ಚಾಕು ತರಕಾರಿಯ ಬಳಿಯೇ ಇರಲಿ.