ಕಂಟ್ರಿ ಸಂಗೀತದ ಬೇಲಿ ಮತ್ತು ಅದರ ಕಾವಲುಗಾರರು

ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’ ಆಲ್ಬಂ 2024ರ ಮಾರ್ಚ್‌ನಲ್ಲಿ ಬಂತು. ಅದರ ಬಗ್ಗೆ ಅಮೆರಿಕದ ಎರಡು ದೊಡ್ಡ ಸಂಗೀತ ಸಂಸ್ಥೆಗಳು ಕೊಟ್ಟ ತೀರ್ಪು ಒಂದಕ್ಕೊಂದು ತಾಳೆಯಾಗಲಿಲ್ಲ. ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್, ಅಂದರೆ ಸಿಎಂಎ, ಆ ವರ್ಷದ ತನ್ನ ಪ್ರಶಸ್ತಿಗಳ ಒಂದು ವಿಭಾಗದಲ್ಲೂ ಅದನ್ನು ನಾಮನಿರ್ದೇಶನ ಮಾಡಲಿಲ್ಲ. ಕೆಲವೇ ತಿಂಗಳ ಬಳಿಕ, 2025ರ ಫೆಬ್ರುವರಿಯಲ್ಲಿ, ಅದೇ ಆಲ್ಬಂಗೆ ವರ್ಷದ ಆಲ್ಬಂ ಮತ್ತು ಅತ್ಯುತ್ತಮ ಕಂಟ್ರಿ ಆಲ್ಬಂ ಎಂಬ ಗ್ರ್ಯಾಮಿಗಳು ಬಂದವು. ಕಂಟ್ರಿ ಆಲ್ಬಂ ವಿಭಾಗದಲ್ಲಿ ಕಪ್ಪು ಕಲಾವಿದರೊಬ್ಬರು ಗೆದ್ದದ್ದು ಅದೇ ಮೊದಲು. ಕಂಟ್ರಿಗೂ ಪಾಪ್‌ಗೂ ನಡುವಿನ ಗೆರೆ ಅಳಿಸಿಹೋಗುತ್ತಿದೆ ಎಂಬ ಹಳೆಯ ಆತಂಕ ಇದರೊಂದಿಗೆ ಮತ್ತೆ ಜೋರಾಯಿತು. ಹಾಗೆ ಆತಂಕಪಡುವವರ ಮನಸ್ಸಿನಲ್ಲಿ ಒಂದು ಊಹೆ ಕೂತಿದೆ: ಹಿಂದೊಮ್ಮೆ ಈ ಗೆರೆ ಸ್ಪಷ್ಟವಾಗಿತ್ತು, ಅದನ್ನು ಸಂಗೀತವೇ ಎಳೆದುಕೊಂಡಿತ್ತು ಎಂಬುದು. ಚರಿತ್ರೆ ಇದನ್ನು ಒಪ್ಪುವುದಿಲ್ಲ. ಗೆರೆ ಎಳೆದದ್ದು ಹಾಡು ಮಾರುವವರು. ನೂರು ವರ್ಷಗಳಿಂದ ಬೇಕಾದಾಗ ಅದನ್ನು ಅಳಿಸುತ್ತ, ಬೇಕಾದಾಗ ಗಾಢವಾಗಿ ತೀಡುತ್ತ ಬಂದವರೂ ಅವರೇ. ಹೀಗಾಗಿ ಈ ಗೆರೆ ಯಾರಿಗೆ ಮಸುಕಾಗುತ್ತದೆ, ಯಾರು ಬಂದಾಗ ಗಟ್ಟಿ ಬೇಲಿಯಾಗಿ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಬೇಕು.

ಗ್ರಾಮಫೋನ್ ಕಂಪನಿಯಾದ ಓಕೆ 1920ರಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿಯ ಬ್ಲೂಸ್ ಹಾಡನ್ನು ಹೊರತಂದಿತು. ಅದು ಯಾರೂ ಎಣಿಸದಷ್ಟು ಮಾರಾಟವಾಯಿತು. 1923ರಲ್ಲಿ ಅದೇ ಕಂಪನಿಯ ರಾಲ್ಫ್ ಪಿಯರ್, ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಬಿಳಿಯ ಪಿಟೀಲುಗಾರನ ಹಾಡುಗಳನ್ನು ಮುದ್ರಿಸಿದರು. ಅವಕ್ಕೂ ಗಿರಾಕಿಗಳು ಸಿಕ್ಕರು. ಕಂಪನಿಗಳಿಗೆ ಇದರಲ್ಲಿ ಕಂಡದ್ದು ಎರಡು ಪ್ರತ್ಯೇಕ ಮಾರುಕಟ್ಟೆಗಳು. ಕಪ್ಪು ಜನರಿಗೆ ಮಾರುವ ತಟ್ಟೆಗಳು ‘ರೇಸ್ ರೆಕಾರ್ಡ್ಸ್’ ಆದವು, ದಕ್ಷಿಣದ ಹಳ್ಳಿಗಾಡಿನ ಬಿಳಿಯರಿಗೆ ಮಾರುವವು ‘ಹಿಲ್‌ಬಿಲಿ’ ಆದವು. ಹಾಡುವವರ ನಡುವೆ ಇಷ್ಟು ಚೊಕ್ಕ ವಿಂಗಡಣೆ ಇರಲಿಲ್ಲ. ಬ್ಯಾಂಜೊ, ಆಫ್ರಿಕಾದಿಂದ ಗುಲಾಮರನ್ನಾಗಿ ತಂದ ಜನರ ವಾದ್ಯ. ಸ್ಟೀಲ್ ಗಿಟಾರ್ ಹವಾಯಿಯದು. 1927ರಲ್ಲಿ ಟೆನೆಸ್ಸೀ–ವರ್ಜೀನಿಯಾ ಗಡಿಯ ಬ್ರಿಸ್ಟಲ್‌ನಲ್ಲಿ ಪಿಯರ್, ವಿಕ್ಟರ್ ಕಂಪನಿಗಾಗಿ ಕಾರ್ಟರ್ ಕುಟುಂಬವನ್ನೂ ಜಿಮ್ಮಿ ರಾಡ್ಜರ್ಸ್ ಅವರನ್ನೂ ಮುದ್ರಿಸಿಕೊಂಡರು. ಕಂಟ್ರಿ ಪರಂಪರೆ ತನ್ನ ಮೂಲವನ್ನು ಅಲ್ಲಿಗೆ ಒಯ್ಯುತ್ತದೆ. ಆದರೆ ಎ.ಪಿ. ಕಾರ್ಟರ್ ಹಾಡುಗಳನ್ನು ಹುಡುಕಿಕೊಂಡು ಊರೂರು ಅಲೆಯುವಾಗ ಜೊತೆಗಿದ್ದು, ಧಾಟಿಗಳನ್ನು ನೆನಪಿನಲ್ಲಿ ಹೊತ್ತು ತಂದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ರಾಡ್ಜರ್ಸ್ 1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಟ್ರಂಪೆಟ್ ಜೊತೆ ಹಾಡಿದರು. ಹ್ಯಾಂಕ್ ವಿಲಿಯಮ್ಸ್‌ಗೆ ಹುಡುಗನಾಗಿದ್ದಾಗ ಗಿಟಾರ್ ಪಾಠ ಹೇಳಿದವರು ರೂಫಸ್ ಪೇನ್ ಎಂಬ ಕಪ್ಪು ಬೀದಿ ಗಾಯಕ. ನ್ಯಾಶ್‌ವಿಲ್‌ನ ವಿಮಾ ಕಂಪನಿಯೊಂದರ ರೇಡಿಯೊ ಕೇಂದ್ರದಲ್ಲಿ 1925ರಲ್ಲಿ ಹುಟ್ಟಿದ ಗ್ರ್ಯಾಂಡ್ ಓಲ್ ಆಪ್ರಿ ಕಾರ್ಯಕ್ರಮದ ಆರಂಭದ ತಾರೆಗಳಲ್ಲಿ ಡಿಫೋರ್ಡ್ ಬೆಯ್ಲಿ ಎಂಬ ಕಪ್ಪು ಹಾರ್ಮೋನಿಕಾ ವಾದಕರೂ ಒಬ್ಬರು. 1941ರಲ್ಲಿ ಅವರನ್ನು ಕೈಬಿಡಲಾಯಿತು. ಬೇರೆಬೇರೆ ನೆಲದ ನೀರು ಕೂಡಿ ಹರಿದ ಸಂಗೀತವನ್ನು ಅಂಗಡಿಯ ಕಪಾಟುಗಳು ಎರಡಾಗಿ ಒಡೆದವು. ಆ ಕಪಾಟಿನ ಗೆರೆಯೇ ಮುಂದೆ ಪರಂಪರೆಯ ಗೆರೆ ಎನಿಸಿಕೊಂಡಿತು.

ಪಾಪ್ ಕಡೆಗಿನ ಗೆರೆಯ ಕಥೆ ಇನ್ನೂ ಸ್ಪಷ್ಟ. ಹ್ಯಾಂಕ್ ವಿಲಿಯಮ್ಸ್ ಬರೆದ ‘ಕೋಲ್ಡ್, ಕೋಲ್ಡ್ ಹಾರ್ಟ್’ ಅನ್ನು ಟೋನಿ ಬೆನೆಟ್ 1951ರಲ್ಲಿ ವಾದ್ಯವೃಂದದೊಂದಿಗೆ ಹಾಡಿದಾಗ ಅದು ಪಾಪ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದೇ ದಶಕದ ಕೊನೆಗೆ ರಾಕ್ ಅಂಡ್ ರೋಲ್ ಯುವ ಕೇಳುಗರನ್ನು ಸೆಳೆದುಕೊಂಡು ಹೋದಾಗ ನ್ಯಾಶ್‌ವಿಲ್‌ನ ನಿರ್ಮಾಪಕರು ತಾವೇ ಮುಂದೆ ನಿಂತು ಬೇಲಿ ಕಿತ್ತರು. ಆರ್‌ಸಿಎ ಕಂಪನಿಯ ಚೆಟ್ ಆಟ್ಕಿನ್ಸ್ ಮತ್ತು ಡೆಕ್ಕಾದ ಓವನ್ ಬ್ರ್ಯಾಡ್ಲಿ ಹಳ್ಳಿಯ ಪಿಟೀಲನ್ನೂ ಸ್ಟೀಲ್ ಗಿಟಾರನ್ನೂ ಹಿಂದೆ ಸರಿಸಿ, ನಯವಾದ ವಯೊಲಿನ್ ವೃಂದವನ್ನೂ ಹಿನ್ನೆಲೆ ಕೋರಸ್ಸನ್ನೂ ಮುಂದೆ ತಂದರು. ‘ನ್ಯಾಶ್‌ವಿಲ್ ಸೌಂಡ್’ ಎಂದು ಹೆಸರಾದ ಈ ಶೈಲಿಯಲ್ಲೇ ಜಿಮ್ ರೀವ್ಸ್ ಜಗತ್ತಿನಾದ್ಯಂತ ಪರಿಚಿತರಾದರು. ವಿಲ್ಲಿ ನೆಲ್ಸನ್ ಬರೆದು ಪ್ಯಾಟ್ಸಿ ಕ್ಲೈನ್ 1961ರಲ್ಲಿ ಹಾಡಿದ ‘ಕ್ರೇಜಿ’ ಕೂಡ ಈ ಮಿಶ್ರಣದ ಕೂಸು. ಇಂದು ಅದನ್ನು ಶುದ್ಧ ಕಂಟ್ರಿಯ ಮಾದರಿಯೆಂದು ಉದಾಹರಿಸುವವರು, ಅದು ಪಾಪ್ ಕೇಳುಗರನ್ನು ಗೆಲ್ಲಲೆಂದೇ ರೂಪಿಸಿದ ಧ್ವನಿ ಎಂಬುದನ್ನು ನೆನೆಯುವುದಿಲ್ಲ. ಒಂದು ತಲೆಮಾರಿನ ಕಲಬೆರಕೆ ಮುಂದಿನ ತಲೆಮಾರಿನ ಸಂಪ್ರದಾಯವಾಗಿದೆ.

ಇಷ್ಟಾದರೂ 1974ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಪಾಪ್ ಗಾಯಕಿ ಒಲಿವಿಯಾ ನ್ಯೂಟನ್-ಜಾನ್ ಸಿಎಂಎಯ ವರ್ಷದ ಗಾಯಕಿ ಪ್ರಶಸ್ತಿ ಗೆದ್ದಾಗ ನ್ಯಾಶ್‌ವಿಲ್ ಕೆರಳಿತು. ಜಾರ್ಜ್ ಜೋನ್ಸ್ ಮತ್ತು ಟ್ಯಾಮಿ ವೈನೆಟ್ ದಂಪತಿಯ ಮನೆಯಲ್ಲಿ ಕಲಾವಿದರು ಸಭೆ ಸೇರಿ ಪ್ರತಿಭಟನೆಯ ಸಂಘ ಕಟ್ಟಿದರು. ಮರುವರ್ಷ ಸಿಎಂಎ ವೇದಿಕೆಯಲ್ಲಿ ವರ್ಷದ ಅತ್ಯುನ್ನತ ಪ್ರಶಸ್ತಿ ಘೋಷಿಸಲು ಬಂದ ಚಾರ್ಲಿ ರಿಚ್, ಲಕೋಟೆಯಲ್ಲಿ ಜಾನ್ ಡೆನ್ವರ್ ಹೆಸರು ಕಂಡು ಆ ಚೀಟಿಗೆ ಬೆಂಕಿ ಹಚ್ಚಿದರು. ಅವರು ಹಾಗೆ ಮಾಡಿದ್ದೇಕೆ ಎಂಬ ಬಗ್ಗೆ ಬೇರೆಬೇರೆ ವಿವರಣೆಗಳಿವೆ. ಆದರೂ ಆ ದೃಶ್ಯ ಪಾಪ್ ವಿರುದ್ಧದ ದಂಗೆಯ ಸಂಕೇತವಾಗಿ ಉಳಿದಿದೆ. ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಟ್ಯಾಮಿ ವೈನೆಟ್ ಮತ್ತು ಚಾರ್ಲಿ ರಿಚ್ ಇಬ್ಬರ ದೊಡ್ಡ ಹಾಡುಗಳನ್ನು ನಿರ್ಮಿಸಿದವರು ಬಿಲ್ಲಿ ಶೆರಿಲ್. ವಾದ್ಯವೃಂದದ ಸಿರಿಯಲ್ಲಿ ಕಂಟ್ರಿಯನ್ನು ಪಾಪ್‌ನ ಹೊಸ್ತಿಲಿಗೆ ತಂದು ನಿಲ್ಲಿಸಿದ ನಿರ್ಮಾಪಕ ಅವರು. ರಿಚ್ ಅವರ 1973ರ ‘ಬಿಹೈಂಡ್ ಕ್ಲೋಸ್ಡ್ ಡೋರ್ಸ್’ ಪಾಪ್ ಪಟ್ಟಿಯಲ್ಲೂ ಮೇಲೇರಿತ್ತು. ಒಳಗಿನವರು ಹೊರಗೆ ಹೋಗಿ ಗೆದ್ದರೆ ಅದು ಕಂಟ್ರಿಯ ದಿಗ್ವಿಜಯ, ಹೊರಗಿನವರು ಒಳಗೆ ಬಂದು ಗೆದ್ದರೆ ಅತಿಕ್ರಮಣ ಎಂಬ ನಿಲುವಿದು. ಹಾಡಿನ ಸ್ವರೂಪದಿಂದ ಈ ವ್ಯತ್ಯಾಸವನ್ನು ವಿವರಿಸಲಾಗದು.

ಗೆರೆ ಈಗ ಮಸುಕಾಗಿರುವುದಕ್ಕೆ ಕಲಾವಿದರ ರುಚಿಗಿಂತ ಉದ್ಯಮದ ಯಂತ್ರವೇ ಹೆಚ್ಚು ಕಾರಣ. 1991ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಅಂಗಡಿಗಳ ಅಂದಾಜನ್ನು ಬಿಟ್ಟು ನಿಜವಾದ ಮಾರಾಟದ ಲೆಕ್ಕವನ್ನು ಹಿಡಿದಾಗ, ಗಾರ್ತ್ ಬ್ರೂಕ್ಸ್ ಅವರ ಆಲ್ಬಂ ಬಂದ ವಾರವೇ ಎಲ್ಲ ಪ್ರಕಾರಗಳ ಸಮಗ್ರ ಪಟ್ಟಿಯ ನೆತ್ತಿಗೇರಿತು. ಕಂಟ್ರಿ ಕೇಳುಗರು ಎಷ್ಟು ದೊಡ್ಡ ಸಂಖ್ಯೆಯಲ್ಲಿದ್ದಾರೆ ಎಂಬುದು ಅಲ್ಲಿಯವರೆಗೆ ಲೆಕ್ಕಕ್ಕೇ ಸಿಕ್ಕಿರಲಿಲ್ಲ. 1997ರಲ್ಲಿ ಶನಾಯಾ ಟ್ವೈನ್ ಅವರ ‘ಕಮ್ ಆನ್ ಓವರ್’ ಬಂತು. ನಿರ್ಮಾಪಕ ಮಟ್ ಲ್ಯಾಂಗ್ ರಾಕ್ ತಂಡಗಳೊಂದಿಗೆ ಕೆಲಸ ಮಾಡಿ ಬಂದವರು. ಅಮೆರಿಕದಾಚೆಯ ಮಾರುಕಟ್ಟೆಗೆ ಅದೇ ಹಾಡುಗಳಿಂದ ಪಿಟೀಲು, ಸ್ಟೀಲ್ ಗಿಟಾರ್ ತಗ್ಗಿಸಿದ ಇನ್ನೊಂದು ಆವೃತ್ತಿಯೇ ಸಿದ್ಧವಾಯಿತು. ಗೆರೆ ಎಲ್ಲಿದೆ ಎಂಬುದು ಮಿಕ್ಸಿಂಗ್ ಮೇಜಿನ ಮೇಲೆ ತೀರ್ಮಾನವಾಗುತ್ತಿತ್ತು. 1996ರ ದೂರಸಂಪರ್ಕ ಕಾಯ್ದೆ ಒಂದು ಕಂಪನಿ ಎಷ್ಟು ರೇಡಿಯೊ ಕೇಂದ್ರಗಳನ್ನು ಹೊಂದಬಹುದು ಎಂಬ ರಾಷ್ಟ್ರಮಟ್ಟದ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಕಂಪನಿಯೊಂದರ ಕೈಗೇ ಸಾವಿರಕ್ಕೂ ಹೆಚ್ಚು ಕೇಂದ್ರಗಳು ಸೇರಿದವು. ಟೆಕ್ಸಾಸ್‌ನ ಪಟ್ಟಣಕ್ಕೂ ಓಹಾಯೊದ ಪಟ್ಟಣಕ್ಕೂ ಒಂದೇ ಹಾಡುಪಟ್ಟಿ ಹೋಗತೊಡಗಿದ್ದು ಹೀಗೆ.

2012ರ ಅಕ್ಟೋಬರ್‌ನಲ್ಲಿ ಬಿಲ್‌ಬೋರ್ಡ್ ಮಾಡಿದ ನಿಯಮ ಬದಲಾವಣೆಯನ್ನು ಈ ಇಡೀ ಚರ್ಚೆಯ ನಡುಬಿಂದು ಎನ್ನಬೇಕು. ಅಲ್ಲಿಯವರೆಗೆ ಅದರ ಮುಖ್ಯ ಕಂಟ್ರಿ ಪಟ್ಟಿ ಕಂಟ್ರಿ ರೇಡಿಯೊ ಏನು ನುಡಿಸುತ್ತದೆ ಎಂಬುದನ್ನು ಮಾತ್ರ ಎಣಿಸುತ್ತಿತ್ತು. ಹೊಸ ನಿಯಮದಲ್ಲಿ ಡಿಜಿಟಲ್ ಮಾರಾಟ, ಸ್ಟ್ರೀಮಿಂಗ್ ಸೇರಿದವು. ಪಾಪ್ ಕೇಂದ್ರಗಳು ಹಾಕಿದ್ದೂ ಲೆಕ್ಕಕ್ಕೆ ಬಂತು. ಕೂಡಲೇ ಟೇಲರ್ ಸ್ವಿಫ್ಟ್ ಅವರ ಪಾಪ್ ಹಾಡೊಂದು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ನೆಗೆಯಿತು. ಪಾಪ್ ಗಾಯಕಿ ಬೀಬಿ ರೆಕ್ಸಾ, ಫ್ಲೋರಿಡಾ ಜಾರ್ಜಿಯಾ ಲೈನ್ ಜೋಡಿಯೊಡನೆ ಹಾಡಿದ ‘ಮೆಂಟ್ ಟು ಬಿ’ 2017ರ ಕೊನೆಯಿಂದ 50 ವಾರ ಅಲ್ಲೇ ಕೂತಿತು. ಇದಾದ ಕೆಲವೇ ತಿಂಗಳಿಗೆ, 2019ರ ಮಾರ್ಚ್‌ನಲ್ಲಿ, ಲಿಲ್ ನಾಸ್ ಎಕ್ಸ್ ಎಂಬ ಕಪ್ಪು ಯುವಕನ ‘ಓಲ್ಡ್ ಟೌನ್ ರೋಡ್’ ಅದೇ ಪಟ್ಟಿಯಲ್ಲಿ 19ನೇ ಸ್ಥಾನ ಪಡೆಯಿತು. ಬ್ಯಾಂಜೊ ಇದೆ, ಕುದುರೆ ಇದೆ, ಟ್ರ್ಯಾಕ್ಟರ್ ಇದೆ. ಬಿಲ್‌ಬೋರ್ಡ್ ಅದನ್ನು ಪಟ್ಟಿಯಿಂದ ಕಿತ್ತುಹಾಕಿತು. ಇಂದಿನ ಕಂಟ್ರಿಯ ಅಂಶಗಳು ಸಾಲದು ಎಂಬುದು ಕಾರಣ. ಗಾಯಕನ ಜನಾಂಗಕ್ಕೂ ನಿರ್ಧಾರಕ್ಕೂ ಸಂಬಂಧವಿಲ್ಲ ಎಂದೂ ಅದು ಹೇಳಿತು. ಆ ಮಾತನ್ನು ನಂಬೋಣ. ಆದರೂ ಒಂದು ಹಾಡಿಗೆ 50 ವಾರ ಬಾಗಿಲು ತೆರೆದಿಟ್ಟು ಇನ್ನೊಂದನ್ನು ಮುಟ್ಟಿದೊಡನೆ ಹೊರದಬ್ಬಿದ ಮಾನದಂಡ ಯಾವುದು? ಎಷ್ಟು ಅಂಶವಿದ್ದರೆ ಸಾಕು ಎಂಬುದನ್ನು ಎಲ್ಲೂ ಬರೆದಿಟ್ಟಿಲ್ಲ. ಬರೆಯದ ನಿಯಮವನ್ನು ಅನ್ವಯಿಸುವವರು ತಮಗೆ ಪರಿಚಿತವಾದ ಮುಖ, ಪರಿಚಿತವಾದ ಕಂಪನಿ, ಪರಿಚಿತವಾದ ಊರಿನ ಕಡೆಗೇ ವಾಲುತ್ತಾರೆ. ಅದಕ್ಕೆ ದುರುದ್ದೇಶ ಬೇಕಾಗಿಲ್ಲ. ಕೇಳುಗರು ಮಾತ್ರ ಆ ಹಾಡನ್ನು ಎಲ್ಲ ಪ್ರಕಾರಗಳ ‘ಹಾಟ್ 100’ ಪಟ್ಟಿಯ ಮೊದಲ ಸ್ಥಾನದಲ್ಲಿ 19 ವಾರ ಇಟ್ಟರು.

ಇದಕ್ಕೆ ಎದುರಾಗಿ ಬರುವ ವಾದಗಳು ಹಗುರವಾದವಲ್ಲ. ಕಂಟ್ರಿ ಎಂಬುದು ಬರೀ ಮಾರುಕಟ್ಟೆಯ ಚೀಟಿಯಲ್ಲ, ಅದೊಂದು ಕಸುಬು ಎನ್ನುವವರಿದ್ದಾರೆ. ಕಥೆ ಹೇಳುವ ಸಾಹಿತ್ಯ, ದಕ್ಷಿಣದ ಉಚ್ಚಾರ, ಪೆಡಲ್ ಸ್ಟೀಲ್ ಗಿಟಾರ್‌ನ ಜಾರುವ ಸ್ವರ, ಬಡ ಬದುಕಿನ ವಿವರ ಇವೆಲ್ಲ ತಲೆಮಾರುಗಳ ದುಡಿಮೆಯಿಂದ ಬಂದವು. ಡ್ರಮ್ ಮೆಷಿನ್ ತಾಳಕ್ಕೆ ಪಿಕಪ್ ಟ್ರಕ್ ಮತ್ತು ಬಿಯರ್ ಪೋಣಿಸಿದ ಹಾಡುಗಳು ಅವನ್ನು ತಳ್ಳಿಹಾಕುತ್ತಿವೆ ಎಂಬ ಅವರ ನೋವನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಂದು ವಾದ್ಯದ ಭಾಷೆ ಕಿವಿಯಿಂದ ಮರೆಯಾದರೆ ಅದನ್ನು ಮರಳಿ ಕಲಿಸುವುದು ಸುಲಭವಲ್ಲ. ಆದರೆ ಆ ಕಸುಬನ್ನು ಕಸಿದವರು ಬೇಲಿ ಹಾರಿ ಬಂದವರಲ್ಲ. ಪೆಡಲ್ ಸ್ಟೀಲನ್ನು ಹಿಂದಕ್ಕೆ ಸರಿಸಿದ್ದೂ ಒಂದೇ ಬಗೆಯ ಹಾಡನ್ನು ಊರೂರಿಗೆ ಹರಿಸಿದ್ದೂ ನ್ಯಾಶ್‌ವಿಲ್‌ನದೇ ಕಚೇರಿಗಳು ಮತ್ತು ರೇಡಿಯೊ ಒಡೆಯರು. ಬೇಲಿಯೇ ಎದ್ದು ಹೊಲ ಮೇದ ಪ್ರಕರಣವಿದು. ಅಷ್ಟೇ ಅಲ್ಲ, ಹೀಗೆ ಹೊಳಪು ಹೆಚ್ಚಿದಾಗಲೆಲ್ಲ ಕಸುಬು ಬೇರೆಡೆ ಮೊಳೆತಿದೆ: ನ್ಯಾಶ್‌ವಿಲ್ ಸೌಂಡ್‌ಗೆ ಉತ್ತರವಾಗಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಿಂದ ಬಕ್ ಓವನ್ಸ್, ಮರ್ಲ್ ಹ್ಯಾಗರ್ಡ್, 1970ರ ದಶಕದಲ್ಲಿ ವೇಲಾನ್ ಜೆನ್ನಿಂಗ್ಸ್, ವಿಲ್ಲಿ ನೆಲ್ಸನ್, 1986ರಲ್ಲಿ ರ‍್ಯಾಂಡಿ ಟ್ರಾವಿಸ್, ನಮ್ಮ ಕಾಲದಲ್ಲಿ ಕ್ರಿಸ್ ಸ್ಟೇಪಲ್ಟನ್, ಟೈಲರ್ ಚೈಲ್ಡರ್ಸ್. ಈ ಬಂಡಾಯಗಾರರೂ ಶುದ್ಧತೆಯನ್ನು ಕಾಯಲು ಹೊರಟವರಲ್ಲ. ಬೇಕರ್ಸ್‌ಫೀಲ್ಡ್‌ನ ಗಿಟಾರಿನಲ್ಲಿ ರಾಕ್ ಇದೆ, ಸ್ಟೇಪಲ್ಟನ್ ಗಂಟಲಿನಲ್ಲಿ ಸೋಲ್ ಸಂಗೀತವಿದೆ.

ಇನ್ನೊಂದು ವಾದ, ಜನಾಂಗದ ಮಾತನ್ನು ಅತಿಯಾಗಿ ಎಳೆಯಬಾರದು ಎಂಬುದು. ಕಪ್ಪು ಗಾಯಕ ಶಬೂಜಿಯ ‘ಎ ಬಾರ್ ಸಾಂಗ್’ 2024ರಲ್ಲಿ ‘ಹಾಟ್ 100’ರಲ್ಲಿ 19 ವಾರ ಮೊದಲ ಸ್ಥಾನದಲ್ಲಿತ್ತು, ಕಂಟ್ರಿ ರೇಡಿಯೊ ಪಟ್ಟಿಯಲ್ಲೂ ಮೊದಲಾಯಿತು. ಕಪ್ಪು ಗಾಯಕಿ ಟ್ರೇಸಿ ಚಾಪ್‌ಮನ್ 1988ರ ತಮ್ಮ ‘ಫಾಸ್ಟ್ ಕಾರ್’ ಹಾಡಿಗಾಗಿ 2023ರಲ್ಲಿ ಸಿಎಂಎಯ ವರ್ಷದ ಗೀತೆ ಪ್ರಶಸ್ತಿ ಪಡೆದರು. ಇವು ನಿಜವಾದ ಬದಲಾವಣೆಗಳೇ. ಆದರೆ ಚಾಪ್‌ಮನ್ ಹಾಡು ಕಂಟ್ರಿ ರೇಡಿಯೊ ತಲುಪಿದ್ದು ಲ್ಯೂಕ್ ಕೂಂಬ್ಸ್ ಎಂಬ ಬಿಳಿಯ ಗಾಯಕನ ದನಿಯಲ್ಲಿ. ಚಾರ್ಲಿ ಪ್ರೈಡ್ 1983ರಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನ ಪಡೆದ ಬಳಿಕ ಇನ್ನೊಬ್ಬ ಕಪ್ಪು ಏಕವ್ಯಕ್ತಿ ಗಾಯಕ, ಡೇರಿಯಸ್ ರಕರ್, ಅಲ್ಲಿಗೇರಲು 2008ರವರೆಗೆ ಕಾಯಬೇಕಾಯಿತು. ಹೆಂಗಸರಿಗಂತೂ ಬೇಲಿ ಎರಡು ಪಟ್ಟು ಎತ್ತರ. 2015ರಲ್ಲಿ ರೇಡಿಯೊ ಸಲಹೆಗಾರರೊಬ್ಬರು ಗಾಯಕಿಯರನ್ನು ಸಲಾಡ್‌ನಲ್ಲಿನ ಟೊಮೆಟೊಗೆ ಹೋಲಿಸಿ, ಅವರ ಹಾಡುಗಳನ್ನು ಮಿತಿಯಲ್ಲಿಡಲು ಬಹಿರಂಗವಾಗಿಯೇ ಸಲಹೆ ಕೊಟ್ಟರು. ಕಪ್ಪು ಗಾಯಕಿ ಲಿಂಡಾ ಮಾರ್ಟೆಲ್ ಆಪ್ರಿ ವೇದಿಕೆ ಏರಿದ್ದು 1969ರಲ್ಲಿ. ಕಪ್ಪು ಗಾಯಕಿಯೊಬ್ಬರು ಬಿಲ್‌ಬೋರ್ಡ್‌ನ ಮುಖ್ಯ ಕಂಟ್ರಿ ಪಟ್ಟಿಯಲ್ಲಿ ಮೊದಲಾದದ್ದು 2024ರಲ್ಲಿ, ಬಿಯಾನ್ಸೆಯ ‘ಟೆಕ್ಸಾಸ್ ಹೋಲ್ಡ್ ಎಮ್’ ಮೂಲಕ. ಅದು ಕೂಡ ಸ್ಟ್ರೀಮಿಂಗ್ ಮತ್ತು ಮಾರಾಟದ ಬಲದಿಂದ. ಕಂಟ್ರಿ ರೇಡಿಯೊದ ಪಟ್ಟಿಯಲ್ಲಿ ಆ ಹಾಡು ಮೊದಲ ಹತ್ತರ ಹತ್ತಿರವೂ ಸುಳಿಯಲಿಲ್ಲ.

‘ಕೌಬಾಯ್ ಕಾರ್ಟರ್’ ಕಂಟ್ರಿ ಆಲ್ಬಂ ಅಲ್ಲ ಎಂದು ಬಿಯಾನ್ಸೆಯೇ ಹೇಳಿದ್ದಾರಲ್ಲ ಎಂದು ಕೇಳುವವರಿದ್ದಾರೆ. ಹೇಳಿದ್ದು ಹೌದು. ತಮಗೆ ಸ್ವಾಗತವಿಲ್ಲವೆಂದು ಅನಿಸಿದ ಒಂದು ಅನುಭವದಿಂದ ಈ ಆಲ್ಬಂ ಹುಟ್ಟಿತು ಎಂದೂ ಅದೇ ಹೇಳಿಕೆಯಲ್ಲಿ ಅವರು ಬರೆದಿದ್ದರು. 2016ರಲ್ಲಿ ಅವರು ಸಿಎಂಎ ವೇದಿಕೆಯಲ್ಲಿ ಹಾಡಿದ ‘ಡ್ಯಾಡಿ ಲೆಸನ್ಸ್’ ಅನ್ನು ಗ್ರ್ಯಾಮಿಯ ಕಂಟ್ರಿ ಸಮಿತಿ ತನ್ನ ವಿಭಾಗಕ್ಕೆ ಸೇರಿಸಲು ಒಪ್ಪಿರಲಿಲ್ಲ. ಟೇಲರ್ ಸ್ವಿಫ್ಟ್ ಕಂಟ್ರಿಯಿಂದ ಹೊರನಡೆದ ದಿನವನ್ನು ತಾವೇ ಆರಿಸಿಕೊಂಡರು. 2014ರ ‘1989’ ಆಲ್ಬಮ್ಮನ್ನು ಪಾಪ್ ಎಂದು ಘೋಷಿಸಿದರು. ಪೋಸ್ಟ್ ಮಲೋನ್ ರ‍್ಯಾಪ್ ಮತ್ತು ಪಾಪ್‌ನಿಂದ 2024ರಲ್ಲಿ ಒಳಬಂದಾಗ ನ್ಯಾಶ್‌ವಿಲ್‌ನ ತಾರೆಗಳು ಸಾಲುಗಟ್ಟಿ ಅವರ ಜೊತೆ ಹಾಡಿದರು, ಸಿಎಂಎ ನಾಮನಿರ್ದೇಶನಗಳೂ ಬಂದವು. ಹೋಗಿಬರುವ ಸ್ವಾತಂತ್ರ್ಯ ಎಲ್ಲರಿಗೂ ಒಂದೇ ಅಳತೆಯಲ್ಲಿಲ್ಲ.

ಗ್ರ್ಯಾಮಿ ನೀಡುವ ರೆಕಾರ್ಡಿಂಗ್ ಅಕಾಡೆಮಿ 2025ರ ಜೂನ್‌ನಲ್ಲಿ ಕಂಟ್ರಿ ಆಲ್ಬಂ ಪ್ರಶಸ್ತಿಯನ್ನು ‘ಸಾಂಪ್ರದಾಯಿಕ’ ಮತ್ತು ‘ಸಮಕಾಲೀನ’ ಎಂದು ಎರಡು ಮಾಡಿದೆ. ಬೇಡಿಕೆ ಕಂಟ್ರಿ ಬಳಗದಿಂದಲೇ ಬಂದಿತ್ತು ಎಂಬುದು ಅದರ ವಿವರಣೆ. ಹಳೆಯ ಕಸುಬನ್ನು ಹಿಡಿದವರಿಗೆ ಇದರಿಂದ ಮನ್ನಣೆ ಸಿಕ್ಕರೆ ಒಳ್ಳೆಯದೇ. ಬ್ಲೂಸ್ ಮತ್ತು ಆರ್ ಅಂಡ್ ಬಿಯಲ್ಲಿ ಇಂಥ ವಿಭಾಗಗಳು ಮೊದಲೇ ಇವೆ. ಆದರೆ ಸಾಂಪ್ರದಾಯಿಕ ಯಾವುದು ಎಂದು ನಿರ್ಧರಿಸುವಾಗ ಪರಂಪರೆಯನ್ನು 1920ರ ದಶಕದ ಕಪಾಟಿನಿಂದ ಎಣಿಸುತ್ತಾರೋ, ಅದಕ್ಕೂ ಹಿಂದಿನ ಬ್ಯಾಂಜೊದಿಂದ ಎಣಿಸುತ್ತಾರೋ ಎಂಬುದು ಮುಖ್ಯ. ‘ಟೆಕ್ಸಾಸ್ ಹೋಲ್ಡ್ ಎಮ್’ನ ಆರಂಭದಲ್ಲಿ ಕೇಳುವ ಬ್ಯಾಂಜೊ ರಿಯಾನನ್ ಗಿಡನ್ಸ್ ಅವರದು, ಆ ವಾದ್ಯದ ಕಪ್ಪು ಮೂಲವನ್ನು ಮರಳಿ ಎತ್ತಿಹಿಡಿಯಲು ದಶಕಗಳಿಂದ ದುಡಿದವರು ಅವರು. ಯಾವ ಆಲ್ಬಂ ಯಾವ ವಿಭಾಗಕ್ಕೆ ಏಕೆ ಹೋಯಿತು ಎಂಬ ಕಾರಣವನ್ನು ಅಕಾಡೆಮಿಯ ಸಮಿತಿ ಬರಹದಲ್ಲಿ ಪ್ರಕಟಿಸಬೇಕು. ಬಿಲ್‌ಬೋರ್ಡ್ ತನ್ನ ಕಂಟ್ರಿ ಪಟ್ಟಿಯಿಂದ ಒಂದು ಹಾಡನ್ನು ಹೊರಗಿಟ್ಟರೆ ಅದೂ ಹಾಗೆಯೇ ಮಾಡಬೇಕು. ಆಗ ಕೇಳುಗರು, ಕಲಾವಿದರು ಆ ಕಾರಣವನ್ನು ಹಾಡಿನ ಪಕ್ಕದಲ್ಲಿಟ್ಟು ಪರಿಶೀಲಿಸಬಹುದು, ಒಪ್ಪದಿದ್ದರೆ ಪ್ರಶ್ನಿಸಬಹುದು.