ಹತ್ತು ಗುಂಡಿನ ಹಠ

ಪ್ರೊಡಕ್ಷನ್, ಅಂದರೆ ಬಹುಮಟ್ಟಿಗೆ ಕಾರ್ಖಾನೆಯಿಂದ ಬಂದಂತೆಯೇ ಇರುವ ಪಿಸ್ತೂಲುಗಳ ವಿಭಾಗದಲ್ಲಿ, ಪಿಸ್ತೂಲಿನ ಮ್ಯಾಗಜೀನ್‌ನಲ್ಲಿ ಎಷ್ಟು ಗುಂಡು ಇರಬಹುದು? ಅಮೆರಿಕದ ಪ್ರಾಕ್ಟಿಕಲ್ ಶೂಟಿಂಗ್ ಸಂಸ್ಥೆ ಯುಎಸ್‌ಪಿಎಸ್‌ಎ ಈ ಮಿತಿಯನ್ನು 10ರಿಂದ 15ಕ್ಕೆ ಏರಿಸಿತು. ಆಗ ಆಡಿದ ಆಕ್ಷೇಪಗಳನ್ನೇ ಕೆಲವರು ಇಂದಿಗೂ ಆಡುತ್ತಾ, ಹತ್ತಕ್ಕೇ ಮರಳಬೇಕು ಎನ್ನುತ್ತಿದ್ದಾರೆ. ಅವರ ವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ತೀರ್ಪು ಓದುಗರದು.

ಮೊದಲು, ಈ ಆಟ ಕಾಣದವರಿಗಾಗಿ ನಾಲ್ಕು ಮಾತು. ಭಾರತದಲ್ಲಿ ಪಿಸ್ತೂಲ್ ಸ್ಪರ್ಧೆ ಎಂದರೆ ನೆನಪಾಗುವುದು ಒಲಿಂಪಿಕ್ಸ್. 2012ರ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ ರ‍್ಯಾಪಿಡ್ ಫೈರ್‌ನಲ್ಲಿ ಒಂದು ಸರಣಿಗೆ 5 ಗುಂಡು, 5 ಗುರಿ. ಅಲ್ಲಿ ಮ್ಯಾಗಜೀನಿನ ಜಗಳ ಹುಟ್ಟುವುದೇ ಇಲ್ಲ. ಪ್ರಾಕ್ಟಿಕಲ್ ಶೂಟಿಂಗ್ ಬೇರೆ ಜಾತಿಯದು. ಸ್ಪರ್ಧಿ ಓಡುತ್ತಾನೆ, ಗೋಡೆಗಳ ಮರೆಯಿಂದ ಗುರಿಗಳನ್ನು ಹುಡುಕಿ ಹೊಡೆಯುತ್ತಾನೆ. ಗಳಿಸಿದ ಅಂಕವನ್ನು ತಗುಲಿದ ಸೆಕೆಂಡುಗಳಿಂದ ಭಾಗಿಸಿದರೆ ಬರುವುದೇ ಅವನ ಹಿಟ್ ಫ್ಯಾಕ್ಟರ್. ಒಂದು ಉದ್ದನೆಯ ಸ್ಟೇಜ್ (ಮ್ಯಾಚಿನ ಒಂದು ಸುತ್ತು) ಗರಿಷ್ಠ 32 ಗುಂಡು ಬೇಡಬಹುದು, ಒಂದೇ ಜಾಗದಿಂದ 8ಕ್ಕಿಂತ ಹೆಚ್ಚು ಹೊಡೆತ ಬೇಡುವಂತಿಲ್ಲ. ಈ ಎರಡು ಅಂಕಿಗಳನ್ನು ನೆನಪಿನಲ್ಲಿಡಿ. ನಮ್ಮ ಎದುರಾಳಿಗಳು ಇವನ್ನು ಬಾಯಿತಪ್ಪಿಯೂ ಹೇಳುವುದಿಲ್ಲ.

ಅವರ ಮೊದಲ ವಾದ: ರೀಲೋಡ್ ಈ ಆಟದ ಜೀವಾಳ, 15 ಗುಂಡು ಕೊಟ್ಟರೆ ಆ ಕೌಶಲ ಸಾಯುತ್ತದೆ. ಕೂಡಿಸಿ ನೋಡೋಣ. ಚೇಂಬರಿನಲ್ಲಿರುವ ಒಂದನ್ನೂ ಸೇರಿಸಿದರೆ, ಹತ್ತರ ಮಿತಿಯಲ್ಲಿ ಮೂರು ಮ್ಯಾಗಜೀನ್ ಸೇರಿ 31 ಗುಂಡು. ಹದಿನೈದರ ಮಿತಿಯಲ್ಲಿ ಎರಡು ಮ್ಯಾಗಜೀನ್ ಸೇರಿ ಅದೇ 31. ಎರಡರಲ್ಲೂ 32ರ ಸ್ಟೇಜಿಗೆ ಒಂದು ಗುಂಡು ಕಡಿಮೆಯೇ. ಮೂರು ಇದ್ದ ರೀಲೋಡ್ ಎರಡಾಯಿತು. ಸತ್ತದ್ದು ಏನು?

ಕೌಶಲದ ಮಾತಿಗೇ ಬರೋಣ. ನಾಲ್ಕು ಜಾಗ, ಜಾಗಕ್ಕೆ 8 ಗುಂಡು ಎಂಬ ಸ್ಟೇಜ್ ತೆಗೆದುಕೊಳ್ಳಿ. 10 ಗುಂಡಿನ ಶೂಟರ್‌ಗೆ ಯೋಚಿಸಲು ಏನೂ ಉಳಿದಿಲ್ಲ. ಎಂಟು ಹೊಡೆ, ಓಡುತ್ತಾ ಮ್ಯಾಗಜೀನ್ ಬದಲಿಸು, ಮತ್ತೆ ಎಂಟು ಹೊಡೆ. ಚಾಂಪಿಯನ್ನನಿಗೂ ಮೊದಲ ಮ್ಯಾಚಿಗೆ ಬಂದವನಿಗೂ ಅದೊಂದೇ ಯೋಜನೆ. 15 ಗುಂಡಿನವನ ಕೈಯಲ್ಲಿ ಆರಂಭಕ್ಕೆ ಇರುವುದು 16. ಮೂರು ಓಟಗಳಲ್ಲಿ ಯಾವ ಎರಡರಲ್ಲಿ ರೀಲೋಡ್ ಮಾಡಲಿ ಎಂದು ಅವನು ಆರಿಸಬೇಕು. ಹೇಗೆ ಆರಿಸಿದರೂ ಎಲ್ಲೋ ಒಂದು ಕಡೆ ಎರಡು ಜಾಗಗಳನ್ನು ಒಂದು ಗುಂಡೂ ಪೋಲಾಗದಂತೆ ದಾಟಬೇಕು. ಹತ್ತಿರದ ಗುರಿಗಳಿರುವ ಕಡೆ ಆ ಅಪಾಯ ತೆಗೆದುಕೊಳ್ಳುವುದೋ, ದೂರದ ಉಕ್ಕಿನ ತಟ್ಟೆಗಳಿರುವ ಕಡೆಯೋ? ತಪ್ಪಿದರೆ ನಿಂತಲ್ಲೇ ರೀಲೋಡ್, ಸೆಕೆಂಡುಗಳ ನಷ್ಟ. ಎಲ್ಲ ಸ್ಟೇಜೂ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ, ಒಪ್ಪಿದೆ. ಆದರೆ ಯೋಜನೆಯ ಕೌಶಲ ಬೇಕು ಎನ್ನುವವರು ಯೋಜನೆಯೇ ಬೇಡದ ಅಂಕಿಯನ್ನು ಕಾಯುತ್ತಿದ್ದಾರೆ. ಅವರು ರಕ್ಷಿಸುತ್ತಿರುವುದು ಕೈಚಳಕದ ಪುನರಾವರ್ತನೆಯನ್ನು. ಅದು ಒಳ್ಳೆಯದೇ, ಆದರೆ ಅದರ ಹೆಸರು ಅದೇ ಆಗಿರಲಿ.

ಎರಡನೆಯದು: ಗುಂಡು ಹೆಚ್ಚಿದ್ದರೆ ಶೂಟರ್ ಬೇಕಾಬಿಟ್ಟಿ ಹೊಡೆಯುತ್ತಾನೆ. ಮೇಲಿನ ಲೆಕ್ಕವೇ ಇದಕ್ಕೆ ಉತ್ತರ. ಹತ್ತರ ಮಿತಿಯಲ್ಲಿ ಪ್ರತಿ ಜಾಗಕ್ಕೂ ಮೂರು ಗುಂಡು ಮಿಗುತ್ತದೆ, ಹದಿನೈದರಲ್ಲಿ ಎರಡು ಜಾಗ ಸೇರಿಯೂ ಒಂದೂ ಮಿಗದ ಗಳಿಗೆ ಬರುತ್ತದೆ. ಅಜಾಗರೂಕನಿಗೆ ಆಸರೆ ಕೊಡುತ್ತಿದ್ದುದು ಯಾವ ಅಂಕಿ? ಅಂಕಗಳ ಪಟ್ಟಿಯೂ ಅವರ ಪರವಾಗಿಲ್ಲ. ಪ್ರೊಡಕ್ಷನ್‌ನಲ್ಲಿ ಎಲ್ಲರಿಗೂ ಮೈನರ್ ಎಂಬ ಒಂದೇ ಅಂಕಪಟ್ಟಿ. ನಡುವಿನ ಎ ವಲಯಕ್ಕೆ 5, ಸಿ ವಲಯಕ್ಕೆ 3, ಡಿ ವಲಯಕ್ಕೆ 1, ತಪ್ಪಿದ ಹೊಡೆತಕ್ಕೆ 10 ಅಂಕ ಕಡಿತ. ಹೆಚ್ಚುವರಿಯಾಗಿ ಹಾರಿಸಿದ ಪ್ರತಿ ಗುಂಡೂ ಗಡಿಯಾರವನ್ನು ಮುಂದೆ ತಳ್ಳುತ್ತದೆ. ಬೇಕಾಬಿಟ್ಟಿ ಹೊಡೆದವನನ್ನು ಶಿಕ್ಷಿಸಲು ಈ ಆಟ ಮ್ಯಾಗಜೀನನ್ನು ಎಂದೂ ನೆಚ್ಚಿಲ್ಲ.

ಮೂರನೆಯದು ಖರ್ಚಿನ ವಾದ. ಮಿತಿ ಏರಿದರೆ ಜನ ಹೊಸ ಸಾಮಾನು ಕೊಳ್ಳಬೇಕಾಗುತ್ತದಂತೆ. ಗ್ಲಾಕ್ 17 ಪಿಸ್ತೂಲಿನ ಸಾಮಾನ್ಯ ಮ್ಯಾಗಜೀನಿಗೆ 17 ಗುಂಡು ಹಿಡಿಸುತ್ತದೆ, ಬೆರೆಟ್ಟಾ 92ರದಕ್ಕೆ 15. ಕಾರ್ಖಾನೆಯಿಂದ ಬಂದ ಮ್ಯಾಗಜೀನನ್ನು ಅರೆಬರೆ ತುಂಬಿಸಿ ಸೊಂಟದ ಸುತ್ತ ನಾಲ್ಕೈದು ಪೌಚ್ ಕಟ್ಟಿಸಿದ್ದು ಹತ್ತರ ನಿಯಮ. ಚಿಕ್ಕ ಮ್ಯಾಗಜೀನಿನ ಪಿಸ್ತೂಲ್ ಹಿಡಿದು ಬರುವವನಿಗೆ ಹದಿನೈದು ಗುಂಡು ಸಿಗುವುದಿಲ್ಲ, ನಿಜ. ಆದರೆ ಅಂಥವರನ್ನು ಮುಂದಿಟ್ಟುಕೊಂಡು ವಾದಿಸುವವರಲ್ಲಿ ಎಷ್ಟು ಮಂದಿಯ ಸೊಂಟದಲ್ಲಿ ಅಂಥ ಪಿಸ್ತೂಲಿದೆ?

ನಾಲ್ಕನೆಯದೇ ಅವರ ಗಟ್ಟಿ ವಾದ, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ 10ಕ್ಕಿಂತ ಹೆಚ್ಚು ಗುಂಡಿನ ಮ್ಯಾಗಜೀನಿಗೆ ಕಾನೂನಿನ ಅಡ್ಡಿಯಿದೆ. ಅಲ್ಲಿನ ಶೂಟರ್ ಹೊರರಾಜ್ಯದ ಮ್ಯಾಚಿಗೆ ಹೋದಾಗ ಹಿಂದೆ ಬೀಳುತ್ತಾನೆ ಎನ್ನುತ್ತಾರೆ. ಬೀಳುತ್ತಾನೆ. ಆದರೆ ತನ್ನ ರಾಜ್ಯದ ಮ್ಯಾಚಿನಲ್ಲಿ ಅಲ್ಲ, ಅಲ್ಲಿ ಪಕ್ಕದವನ ಮ್ಯಾಗಜೀನಿಗೂ ಅದೇ ಅಡ್ಡಿಯಿದೆ. ಹೊರಗೆ ಹೋದಾಗಲೂ ಸಿಂಗಲ್ ಸ್ಟ್ಯಾಕ್ ವಿಭಾಗವಿದೆ, 8 ಅಥವಾ 10 ಗುಂಡಿನ ಮಿತಿ ಅಲ್ಲಿ ಎಲ್ಲರಿಗೂ ಒಂದೇ. ಇನ್ನು, ಲಿಮಿಟೆಡ್ ಮತ್ತು ಓಪನ್ ವಿಭಾಗಗಳಲ್ಲಿ ಲೆಕ್ಕ ಹಾಕುವುದು ಮ್ಯಾಗಜೀನಿನ ಉದ್ದವನ್ನು. ಅಲ್ಲಿ ಗುಂಡಿನ ಸಂಖ್ಯೆ ಸುಲಭವಾಗಿ 20 ಮೀರುತ್ತದೆ. ಅದೇ ಕ್ಯಾಲಿಫೋರ್ನಿಯಾದವನಿಗೆ ಅಲ್ಲಿ ಆಗುವ ಅನ್ಯಾಯ ಇದಕ್ಕಿಂತ ದೊಡ್ಡದು. ಆ ವಿಭಾಗಗಳನ್ನೂ ಹತ್ತಕ್ಕೆ ಇಳಿಸಿ ಎಂದು ಈ ನ್ಯಾಯವಾದಿಗಳು ಕೇಳುವುದಿಲ್ಲ. ಪ್ರೊಡಕ್ಷನ್ ಬಾಗಿಲಿನಲ್ಲಿ ಮಾತ್ರ ಎಚ್ಚರಾಗುವ ನ್ಯಾಯ ಎಂಥ ನ್ಯಾಯ?

ಕಾನೂನನ್ನೇ ಅಳತೆಗೋಲು ಮಾಡಿಕೊಂಡರೆ ಯಾವ ಕಾನೂನು? ನ್ಯೂಜೆರ್ಸಿಯ ಮಿತಿ 2018ರವರೆಗೆ 15 ಇತ್ತು. ಕೊಲರಾಡೊ 2013ರಲ್ಲಿ ಹಾಕಿದ ಮಿತಿಯೂ 15. ಅದೇ ವರ್ಷ ನ್ಯೂಯಾರ್ಕ್ ಮ್ಯಾಗಜೀನಿಗೆ ಏಳೇ ಗುಂಡು ತುಂಬಬೇಕೆಂದು ಕಾನೂನು ಮಾಡಿತು, ಏಳರ ಆ ಮಿತಿಯನ್ನು ಕೋರ್ಟು ತಳ್ಳಿಹಾಕಿತು. ತಳ್ಳಿಹಾಕದಿದ್ದರೆ ಇಡೀ ದೇಶದ ಪ್ರೊಡಕ್ಷನ್ ಶೂಟರ್‌ಗಳು ಏಳಕ್ಕೆ ಇಳಿಯಬೇಕಿತ್ತೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಚಿಕಿತ್ಸೆ ಇದು. ಆ ಕಾನೂನುಗಳ ವಿರುದ್ಧ ಕೋರ್ಟಿನಲ್ಲಿ ಹೋರಾಡುವವರಿದ್ದಾರೆ, ಅವರಿಗೆ ಬೆಂಬಲ ಕೊಡಲಿ. ಆಟದ ನಿಯಮಪುಸ್ತಕ ಆ ಹೋರಾಟದ ಜಾಗವಲ್ಲ.

ಗುಂಡು ಹೆಚ್ಚಿದರೆ ಅಪಾಯ ಹೆಚ್ಚು ಎಂಬ ಸುರಕ್ಷತೆಯ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ಪಿಸ್ತೂಲಿನ ಬಾಯಿ 180 ಡಿಗ್ರಿಯ ಗೆರೆ ದಾಟಿ ಹಿಂದಕ್ಕೆ ತಿರುಗಿದರೆ ಶೂಟರ್ ಇಡೀ ಮ್ಯಾಚಿನಿಂದಲೇ ಹೊರಗೆ, ಒಳಗೆ ಒಂದು ಗುಂಡಿರಲಿ, ಹದಿನೈದಿರಲಿ.

ಕೊನೆಯದು ಸಂಪ್ರದಾಯದ ವಾದ: ಹತ್ತು ಪ್ರೊಡಕ್ಷನ್‌ನ ಹುಟ್ಟುಗುಣ, ಅದನ್ನು ಮುಟ್ಟಬಾರದು. ಹುಟ್ಟಿನ ಕಥೆ ಹೇಳುತ್ತೇನೆ, ಕೇಳಿ. 1994ರಿಂದ 2004ರವರೆಗೆ ಅಮೆರಿಕದಲ್ಲಿ ಫೆಡರಲ್ ನಿಷೇಧವಿತ್ತು. ಆ ಹತ್ತು ವರ್ಷ ಹೊಸದಾಗಿ ತಯಾರಾದ, 10 ಗುಂಡು ಮೀರಿದ ಮ್ಯಾಗಜೀನ್ ನಾಗರಿಕರಿಗೆ ಮಾರುವಂತಿರಲಿಲ್ಲ. ಪ್ರೊಡಕ್ಷನ್ ವಿಭಾಗ ಹುಟ್ಟಿದ್ದು ಆ ನಿಷೇಧದ ನೆರಳಲ್ಲಿ. ಸಂಸತ್ತು ಕೊಟ್ಟ ಅಂಕಿಯನ್ನು ಆಟ ಇಟ್ಟುಕೊಂಡಿತು. 2004ರ ಸೆಪ್ಟೆಂಬರಿನಲ್ಲಿ ನಿಷೇಧ ಮುಗಿಯಿತು, ಅಂಕಿ ಮಾತ್ರ ಉಳಿಯಿತು. ಅದೇ ಆಟವನ್ನು ಜಗತ್ತಿನ ಉಳಿದೆಡೆ ನಡೆಸುವ ಐಪಿಎಸ್‌ಸಿಯ ಪ್ರೊಡಕ್ಷನ್ ಮಿತಿ 15. ಆ ಮಿತಿಯಲ್ಲಿ ಆಡಿದ ಯಾರೂ ರೀಲೋಡ್ ಮಾಡುವುದನ್ನು ಮರೆತಿಲ್ಲ.

ಹತ್ತಕ್ಕೆ ಮರಳಬೇಕು ಎನ್ನುವವರು ಒಂದೇ ಒಂದು ಕಾರಣ ಕೊಡಲಿ, ಆಟದ ಒಳಗಿನಿಂದ ಹುಟ್ಟಿದ ಕಾರಣ. ಅಲ್ಲಿಯವರೆಗೆ ಹದಿನೈದೇ ಇರಲಿ.