ಆವೃತ್ತಿಸಂಖ್ಯೆಯೆಂಬ ವಾಗ್ದಾನ

ಗ್ರಂಥವೊಂದನ್ನು ಕೈಗೆತ್ತಿಕೊಂಡಾಗ ಅಭ್ಯಾಸಿಯು ಮೊದಲು ನೋಡಬೇಕಾದುದು ಶೀರ್ಷಿಕೆಯ ಹಿಂಬದಿಯ ಪುಟವನ್ನು. ‘ಮರುಮುದ್ರಣ’ವೆಂದಿದ್ದರೆ ಪಾಠ ಹಿಂದಿನದೇ, ‘ಪರಿಷ್ಕೃತ ಆವೃತ್ತಿ’ಯೆಂದಿದ್ದರೆ ಹಳೆಯ ಪುಟಸಂಖ್ಯೆಯನ್ನು ನಂಬಿ ಉಲ್ಲೇಖ ಕೊಡುವಂತಿಲ್ಲ. ಮರಾಠಿಯಲ್ಲಿಯೂ ಪುನರ್ಮುದ್ರಣ, ಸುಧಾರಿತ ಆವೃತ್ತಿ ಎಂಬ ಇದೇ ಭೇದವುಂಟು. ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಈಗ ಮರಾಠಿ–ಕನ್ನಡ ಪದಕೋಶವೊಂದನ್ನು ತಂತ್ರಾಂಶರೂಪದಲ್ಲಿ ಸಿದ್ಧಪಡಿಸುತ್ತಿದ್ದಾರೆ. ಅದರ ಆವೃತ್ತಿಗಳಿಗೆ ಯಾವ ಕ್ರಮದಲ್ಲಿ ಸಂಖ್ಯೆ ಕೊಡಬೇಕೆಂಬ ಪ್ರಶ್ನೆ ಎದ್ದಿದೆ. ಇದು ಕ್ಷುಲ್ಲಕವೆಂದು ಕೆಲವರ ಎಣಿಕೆ, ನನಗೆ ಹಾಗೆನ್ನಿಸುವುದಿಲ್ಲ.

ರೂಢಿಯಲ್ಲಿರುವ ಕ್ರಮಗಳು ಹಲವು. 2004ರ ಅಕ್ಟೋಬರಿನಲ್ಲಿ ಹೊರಬಂದ ಮೊದಲ ಉಬುಂಟುವಿಗೆ 4.10 ಎಂಬ ಸಂಖ್ಯೆ: ವರ್ಷ, ತಿಂಗಳು. ಅದು ಕಾಲವನ್ನು ತಿಳಿಸುತ್ತದೆ, ಬದಲಾವಣೆಯ ಸ್ವರೂಪವನ್ನಲ್ಲ. ಡೊನಾಲ್ಡ್ ಕ್ನೂಥ್ ಅವರ ಟೆಕ್ ತಂತ್ರಾಂಶದ ಸಂಖ್ಯೆಯು ಪ್ರತಿ ತಿದ್ದುಪಡಿಗೂ ಒಂದಂಕಿ ಬೆಳೆದು ‘ಪೈ’ ಬೆಲೆಗೆ ಸಮೀಪಿಸುತ್ತದೆ. ಅದು ಸೊಗಸಾದ ಕ್ರಮವೇ. ಆದರೆ ಬಹುಮಟ್ಟಿಗೆ ಪೂರ್ಣಗೊಂಡ ಕೃತಿಗೆ ಮಾತ್ರ ಒಪ್ಪುತ್ತದೆ.

ನಮಗೆ ತಕ್ಕದ್ದು ಟಾಮ್ ಪ್ರೆಸ್ಟನ್-ವರ್ನರ್ ನಿಯಮಬದ್ಧಗೊಳಿಸಿದ ಮೂರಂಗದ ಕ್ರಮವೆಂದು ನನ್ನ ಮತ. 1.4.2 ಎಂಬಲ್ಲಿ ಕೊನೆಯ ಅಂಗ ದೋಷಪರಿಹಾರಕ್ಕೆ, ನಡುವಣದು ಹಳೆಯದನ್ನು ಕೆಡಿಸದ ಸೇರ್ಪಡೆಗೆ, ಮೊದಲನೆಯದು ಹಳೆಯ ಬಳಕೆಯನ್ನು ಮುರಿಯುವ ಮಾರ್ಪಾಡಿಗೆ. ಕಾಗುಣಿತ ತಿದ್ದಿದರೆ 1.4.3. ನೂರು ಹೊಸ ಪದ ಸೇರಿಸಿದರೆ 1.5.0. ನಮೂದುಗಳ ವಿನ್ಯಾಸವನ್ನೇ ಬದಲಿಸಿ, ಅದನ್ನು ನಂಬಿ ಬೇರೆಯವರು ಕಟ್ಟಿದ ಸಾಧನ ನಿಂತುಹೋಗುವಂತಿದ್ದರೆ 2.0.0. ಇಲ್ಲಿಯ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ, 1.9ರ ನಂತರ ಬರುವುದು 1.10. ಕೆಲಸ ಇನ್ನೂ ಹದಗೊಳ್ಳದಿರುವಾಗ ಮೊದಲ ಅಂಗ ಸೊನ್ನೆಯಾಗಿಯೇ ಇರಲಿ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಒಮ್ಮೆ ಪ್ರಕಟಿಸಿದ ಸಂಖ್ಯೆಯ ಒಳಗಿನದನ್ನು ಸದ್ದಿಲ್ಲದೆ ತಿದ್ದುವುದು ಮಾತ್ರ ಸಲ್ಲದು. ತಿದ್ದಿದರೆ ಹೊಸ ಸಂಖ್ಯೆ ಕೊಡಬೇಕು.

ಈ ಕಟ್ಟುನಿಟ್ಟೇಕೆಂದು ಕೇಳುವವರು ಹಳಗನ್ನಡದ ‘ೞ’ಕಾರದ ಕಥೆಯನ್ನು ನೆನೆಯಬೇಕು. ಯೂನಿಕೋಡ್ ಅದಕ್ಕೆ ತಪ್ಪಾಗಿ ‘ಫ’ಕಾರವೆಂಬರ್ಥದ ಇಂಗ್ಲಿಷ್ ಹೆಸರನ್ನಿಟ್ಟಿತು. ತಪ್ಪು ತಿಳಿದ ಮೇಲೂ ಆ ಹೆಸರನ್ನು ಅಳಿಸಲಿಲ್ಲ. ಸರಿಯಾದ ಹೆಸರನ್ನು ಪರ್ಯಾಯವಾಗಿ ಜೊತೆಗಿರಿಸಿತು. ಇಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬುದು ಅದನ್ನು ನೆಚ್ಚಿದವರಿಗೆ ಅದು ಕೊಟ್ಟ ಮಾತು.

ವಾರ್ಷಿಕೋತ್ಸವದ ಹೊತ್ತಿಗೆ 2.0 ಎಂದು ಘೋಷಿಸಿದರೆ ಶೋಭೆಯೆಂದು ಯಾರಾದರೂ ಹೇಳಿಯಾರು. ಒಡಂಬಡಬೇಡಿ. ಗಡಿಯ ಹಳ್ಳಿಶಾಲೆಯಲ್ಲಿ ನಿಮ್ಮ ಕೋಶವನ್ನು ತೆರೆಯುವ ಶಿಕ್ಷಕರಿಗೆ ನಿಮ್ಮ ಮುಖಪರಿಚಯವಿರುವುದಿಲ್ಲ. ನಿನ್ನೆ ಪಾಠಕ್ಕೆ ಬರೆದುಕೊಂಡದ್ದು ಇಂದೂ ಅಲ್ಲಿಯೇ ಇದೆಯೇ ಎಂಬುದನ್ನು ಅವರು ಆ ಮೂರು ಅಂಕಿಗಳಿಂದಲೇ ತಿಳಿಯಬೇಕು.